ಎಚ್‌ಆರ್ ವ್ಯವಸ್ಥಾಪಕರಿಗೆ ಪ್ರತಿ ವರ್ಷ ತರಬೇತಿ ಕಡ್ಡಾಯವಾಗಬೇಕೇ?

ಕಾರ್ಖಾನೆ, ತೋಟ, ಆಸ್ಪತ್ರೆಗಳಲ್ಲಿ ನೇಮಕಾತಿ, ಸಂಬಳ, ರಜೆ, ದೂರುಗಳನ್ನು ನೋಡಿಕೊಳ್ಳುವ ಮಾನವ ಸಂಪನ್ಮೂಲ ವ್ಯವಸ್ಥಾಪಕರು ವರ್ಷಕ್ಕೆ ಇಂತಿಷ್ಟು ಗಂಟೆ ವೃತ್ತಿ ತರಬೇತಿ ಪಡೆಯಲೇಬೇಕೆಂಬ ನಿಯಮ ಬರಬೇಕೇ? ಹಾಸನದ ಗಾರ್ಮೆಂಟ್ಸ್ ಕ್ಷೇತ್ರದಲ್ಲಿ ಎಚ್‌ಆರ್ ಆಗಿರುವವರೊಬ್ಬರು ಪರವಾಗಿಯೂ, ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿಯಾಗಿದ್ದು ನಿವೃತ್ತರಾದವರೊಬ್ಬರು ವಿರೋಧವಾಗಿಯೂ ಬರೆದಿದ್ದಾರೆ.

ಪರ: ನನಗೆ ಗೊತ್ತಿರದಿದ್ದುದಕ್ಕೆ ಆಕೆ ಕಳೆದುಕೊಂಡ ಹತ್ತು ವಾರ

2017ರ ಜೂನ್ ಮೊದಲ ವಾರ ಹೊಲಿದ ಬಟ್ಟೆ ಪರೀಕ್ಷಿಸುವ ಚೆಕ್ಕಿಂಗ್ ವಿಭಾಗದ ಹೆಣ್ಣುಮಗಳೊಬ್ಬಳು ನನ್ನ ಮೇಜಿನ ಮುಂದೆ ನಿಂತು, "ಮೇಡಂ, ಹೆರಿಗೆ ರಜ ಎಷ್ಟು ದಿನ ಸಿಗುತ್ತೆ?" ಎಂದು ಕೇಳಿದಳು. ಹನ್ನೆರಡು ವಾರ ಎಂದು ಹೇಳಿ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಫಾರಂ ತುಂಬಿಸಿ ಕಳಿಸಿದೆ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ನಾನು ಕಲಿತದ್ದು ಹನ್ನೆರಡು ವಾರ, ಕೆಲಸಕ್ಕೆ ಸೇರಿದಾಗ ನನ್ನ ಹಿರಿಯರು ಹೇಳಿಕೊಟ್ಟದ್ದೂ ಹನ್ನೆರಡು ವಾರ. ಆಕೆ ಜೂನ್ 12ರಿಂದ ರಜೆಯ ಮೇಲೆ ಹೋದಳು. ಲೆಕ್ಕ ತಪ್ಪದೆ ಸೆಪ್ಟೆಂಬರ್ 4ರ ಸೋಮವಾರ ಬೆಳಿಗ್ಗೆ ದುದ್ದ ಕಡೆಯ ಬಸ್ಸಿನಲ್ಲಿ ಬಂದು ಹಾಜರಿ ಹಾಕಿದಳು. ಎರಡು ತಿಂಗಳು ಕಳೆದಿದ್ದ ಕೂಸನ್ನು ಅತ್ತೆಯ ಬಳಿ ಬಿಟ್ಟು ಬಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ಏಪ್ರನ್ನಿನ ಕೆಳಗೆ ರವಿಕೆ ಒದ್ದೆಯಾಗುತ್ತಿತ್ತು. ಟಾಯ್ಲೆಟ್ಟಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದಳು. ಪದೇ ಪದೇ ಎದ್ದು ಹೋಗುತ್ತಾಳೆ, ಪೀಸುಗಳು ನಿಲ್ಲುತ್ತವೆ ಎಂದು ಸೂಪರ್‌ವೈಸರ್ ನನ್ನ ಬಳಿಯೇ ದೂರು ತಂದರು, ನಾನು ಆಕೆಯನ್ನು ಕರೆಸಿ ಸಮಾಧಾನವಾಗಿಯೇ ಆದರೂ ಎಚ್ಚರಿಕೆ ಕೊಟ್ಟೆ.

ನವೆಂಬರಿನಲ್ಲಿ ಬೆಂಗಳೂರಿನ ಒಂದು ದಿನದ ತರಬೇತಿಗೆ, ಹೋಗಬೇಕಾಗಿದ್ದವರಿಗೆ ಜ್ವರ ಬಂದ ಕಾರಣ, ನನ್ನನ್ನು ಕಳಿಸಿದರು. ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿ 2017ರ ಏಪ್ರಿಲ್ 1ರಿಂದಲೇ ಜಾರಿಗೆ ಬಂದಿದೆ, ಮೊದಲ ಎರಡು ಮಕ್ಕಳಿಗೆ 26 ವಾರ ರಜೆ, ಇಎಸ್‌ಐಗೆ ಒಳಪಟ್ಟವರಿಗೂ ಅಷ್ಟೇ ಎಂದು ಅಲ್ಲಿ ಬೋರ್ಡಿನ ಮೇಲೆ ಬರೆದಾಗ ನನ್ನ ಕೈ ನೋಟ್‌ಪುಸ್ತಕದ ಮೇಲೆಯೇ ನಿಂತುಬಿಟ್ಟಿತು. ಪತ್ರಿಕೆಯಲ್ಲಿ ಸುದ್ದಿ ಓದಿರಲಿಲ್ಲವೆಂದಲ್ಲ. ಓದಿದ್ದೆ, ಅದು ಯಾರಿಗೆ, ಎಂದಿನಿಂದ, ನಮ್ಮ ಚೆಕ್ಕಿಂಗ್ ಟೇಬಲ್ಲಿನವಳಿಗೂ ಸಿಗುತ್ತದೆಯೇ ಎಂದು ವಿಚಾರಿಸಿರಲಿಲ್ಲ. ಮರುದಿನವೇ ಆಕೆಯನ್ನು ಕರೆದು ವಿಷಯ ತಿಳಿಸಿ, ನವೆಂಬರ್ 13ರಿಂದ ಉಳಿದ ನಾಲ್ಕು ವಾರಕ್ಕೆ ಮನೆಗೆ ಕಳಿಸಿದೆ. ಕೂಲಿಗಾಗಿ ಕೆಲಸ ಮಾಡಿದ ದಿನಗಳಿಗೆ ಹೆರಿಗೆ ಭತ್ಯೆ ಸಿಗುವುದಿಲ್ಲವಾದ್ದರಿಂದ ಮಧ್ಯದ ಹತ್ತು ವಾರ ಹೋದದ್ದು ಹೋದದ್ದೇ. ಆಕೆ ಜಗಳವಾಡಲಿಲ್ಲ. "ನಿಮಗೂ ಗೊತ್ತಿರಲಿಲ್ಲವಾ ಮೇಡಂ?" ಎಂದಷ್ಟೇ ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಅಂದು ಉತ್ತರವಿರಲಿಲ್ಲ. ಕಡ್ಡಾಯ ತರಬೇತಿ ಬೇಕು ಎಂದು ನಾನು ಅಂದಿನಿಂದ ಹೇಳುತ್ತಿರುವುದು ಆ ಪ್ರಶ್ನೆಯ ಕಾರಣದಿಂದಲೇ.

ಲೆಕ್ಕಪರಿಶೋಧಕರನ್ನು ನೋಡಿ. ಪ್ರಾಕ್ಟೀಸು ಮಾಡುವ ಚಾರ್ಟರ್ಡ್ ಅಕೌಂಟೆಂಟ್ ಮೂರು ವರ್ಷದ ಅವಧಿಯಲ್ಲಿ 120 ಗಂಟೆ ಮುಂದುವರಿದ ಶಿಕ್ಷಣ ಪಡೆಯಲೇಬೇಕೆಂದು ಅವರದೇ ಸಂಸ್ಥೆ ನಿಯಮ ಮಾಡಿದೆ. ಅಮೆರಿಕದ ಎಚ್‌ಆರ್ ಸಂಘದ ಪ್ರಮಾಣಪತ್ರ ಪಡೆದವರು ಅದನ್ನು ಉಳಿಸಿಕೊಳ್ಳಲು ಮೂರು ವರ್ಷಕ್ಕೊಮ್ಮೆ 60 ಅಂಕಗಳ ಕಲಿಕೆಯನ್ನು ತೋರಿಸಬೇಕು, ಇಲ್ಲವೇ ಪರೀಕ್ಷೆಯನ್ನು ಮತ್ತೆ ಬರೆಯಬೇಕು. ನಮ್ಮಲ್ಲಿ ಸಾವಿರಾರು ಹೆಣ್ಣುಮಕ್ಕಳ ಸಂಬಳ, ಪಿಎಫ್ (ಭವಿಷ್ಯ ನಿಧಿ), ಹೆರಿಗೆ, ದೂರುಗಳನ್ನು ಕೈಯಲ್ಲಿಟ್ಟುಕೊಂಡ ವ್ಯಕ್ತಿ ಇಪ್ಪತ್ತು ವರ್ಷದ ಹಿಂದೆ ಪಡೆದ ಪದವಿಯೊಂದನ್ನು ಗೋಡೆಗೆ ತೂಗುಹಾಕಿಕೊಂಡು ನಿವೃತ್ತಿಯವರೆಗೂ ಕುಳಿತಿರಬಹುದು, ಕೇಳುವವರಿಲ್ಲ.

ನಾನು ಓದಿ ಪಾಸಾದ ಕಾಯ್ದೆಗಳಾದರೂ ಯಾವುವು? 1947ರ ಕೈಗಾರಿಕಾ ವಿವಾದ ಕಾಯ್ದೆ, 1948ರ ಕಾರ್ಖಾನೆ ಕಾಯ್ದೆ, 1972ರ ಗ್ರಾಚ್ಯುಟಿ (ಸೇವೆ ಬಿಡುವಾಗ ಸಿಗುವ ಇಡುಗಂಟು) ಕಾಯ್ದೆ. 29 ಕೇಂದ್ರ ಕಾರ್ಮಿಕ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಾಗಿ ಹೆಣೆದು 2025ರ ನವೆಂಬರ್ 21ರಂದು ಜಾರಿಗೆ ತಂದ ಮೇಲೆ ಇವು ಯಾವುವೂ ಹಳೆಯ ಹೆಸರಿನಲ್ಲಿ ಉಳಿದಿಲ್ಲ. ಹೆಸರು ಮಾತ್ರ ಬದಲಾಗಿದ್ದರೆ ಚಿಂತೆಯಿರಲಿಲ್ಲ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆಂದೇ ಲೆಕ್ಕಕ್ಕೆ ಬರುತ್ತದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಗ್ರಾಚ್ಯುಟಿಗಾಗಿ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಕೆಲಸ ಬಿಟ್ಟವರಿಗೂ, ಬಿಡಿಸಲ್ಪಟ್ಟವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಕೆಲಸ ಬಿಟ್ಟ ಹುಡುಗಿಯರು "ಸೆಟ್ಲ್‌ಮೆಂಟ್ ಆಯ್ತಾ ಮೇಡಂ?" ಎಂದು ಕೇಳಿಕೊಂಡು ಒಂದೂವರೆ ತಿಂಗಳು ಗೇಟಿನ ಬಳಿ ಅಲೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ದಿನ ಎಂಬುದು ಅವರಿಗೆ ಎಷ್ಟು ದೊಡ್ಡ ಮಾತೆಂದು ನನಗೆ ಗೊತ್ತು, ಅದು ಗೊತ್ತಿರದ ಎಚ್‌ಆರ್ ಅವರನ್ನು ಇನ್ನೂ ಅಲೆಸುತ್ತಲೇ ಇರುತ್ತಾರೆ.

ಕಾನೂನನ್ನು ಮೊಬೈಲಿನಲ್ಲಿ ಓದಿಕೊಳ್ಳಬಹುದು ಎನ್ನುವವರಿಗೆ ಲೈಂಗಿಕ ಕಿರುಕುಳ ತಡೆ ಕಾಯ್ದೆಯೊಂದೇ ಸಾಕಾದ ಉತ್ತರ. ಹತ್ತು ಮಂದಿ ಇರುವಲ್ಲೆಲ್ಲ ದೂರು ವಿಚಾರಿಸುವ ಆಂತರಿಕ ಸಮಿತಿ ಇರಬೇಕು, 90 ದಿನದೊಳಗೆ ವಿಚಾರಣೆ ಮುಗಿಯಬೇಕು ಎಂದು 2013ರ ಆ ಕಾಯ್ದೆ ಹೇಳುತ್ತದೆ. ಆದರೆ ಸೂಪರ್‌ವೈಸರನ ಹೆಸರು ಹೇಳಲು ಬಾಯಿ ತೆರೆದು ಮತ್ತೆ ಮುಚ್ಚುವ ಹತ್ತೊಂಬತ್ತು ವರ್ಷದ ಹುಡುಗಿಯೆದುರು ಯಾರು ಕೂರಬೇಕು, ಯಾವ ಪ್ರಶ್ನೆ ಕೇಳಬಾರದು, ಆಕೆಯ ಹೊಲಿಗೆ ಲೈನಿನವರಿಗೆ ಸುಳಿವು ಸಿಗದಂತೆ ಆಕೆಯನ್ನು ಹೇಗೆ ಕರೆಸಬೇಕು ಎಂಬುದು ಓದಿನಿಂದ ಬರುವುದಿಲ್ಲ, ತಿಳಿದವರ ಎದುರು ಮಾಡಿ ತೋರಿಸಿ ತಿದ್ದಿಸಿಕೊಳ್ಳಬೇಕು. ಆ ಕಾಯ್ದೆಯ ನಿಯಮಗಳೇ ಸಮಿತಿಯ ಸದಸ್ಯರಿಗೆ ತರಬೇತಿ ಕೊಡಬೇಕೆನ್ನುತ್ತವೆ. ಸಮಿತಿಯ ಕೆಲಸವನ್ನೆಲ್ಲ ಹೊಂದಿಸುವ ಎಚ್‌ಆರ್ ಅಧಿಕಾರಿಗೆ ಮಾತ್ರ ತರಬೇತಿ ಬೇಡವೇ?

2016ರ ಏಪ್ರಿಲ್ ತಿಂಗಳನ್ನು ಇಲ್ಲಿ ನೆನೆಯಬೇಕು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು, ಏಪ್ರಿಲ್ 19ರಂದು ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ದಿನಗಳಲ್ಲಿ ಹಾಸನದ ನಮ್ಮ ಊಟದ ಕೋಣೆಯಲ್ಲೂ ಅದೇ ಮಾತು. ನಿಯಮದಲ್ಲಿ ಏನಿದೆ, ಯಾವ ಪಾಲು ಯಾರದು ಎಂದು ಬಿಡಿಸಿ ಹೇಳಲು ನಮ್ಮ ಇಲಾಖೆಯ ಐವರಲ್ಲಿ ಒಬ್ಬರಿಗೂ ಆಗಲಿಲ್ಲ.

ಅನುಭವವೇ ದೊಡ್ಡ ಗುರು ಎನ್ನುವವರನ್ನು ನಾನು ಬಲ್ಲೆ. ಅವರಲ್ಲಿ ಬಹಳ ಮಂದಿ ಒಂದೇ ವರ್ಷದ ಅನುಭವವನ್ನು ಮೂವತ್ತು ಸಲ ಉಂಡವರು. ಖರ್ಚಿನ ಮಾತನ್ನಂತೂ ಎತ್ತಲೇಬಾರದು. ಹೊಸ ಹೊಲಿಗೆ ಯಂತ್ರ ಬಂದಾಗ ಮೆಕ್ಯಾನಿಕ್ಕನ್ನು ತರಬೇತಿಗೆ ಕಳಿಸುವಾಗ ಯಾವ ಮಾಲೀಕರೂ ಖರ್ಚು ಎಂದಿದ್ದನ್ನು ನಾನು ಕೇಳಿಲ್ಲ. ವರ್ಷಕ್ಕೆ ಮೂರು ದಿನ ಸಾಕು. ಅದು ಹಾಸನದಲ್ಲೇ, ಕನ್ನಡದಲ್ಲೇ ನಡೆಯಲಿ. ಕಾರ್ಮಿಕ ಇಲಾಖೆ, ಇಎಸ್‌ಐ, ಪಿಎಫ್ ಕಚೇರಿಗಳವರು ಬಂದು ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಅಂದು ನನ್ನನ್ನು ಪ್ರಶ್ನೆ ಕೇಳಿದ ಆ ತಾಯಿಯ ಮಗು ಈಗ ಶಾಲೆಗೆ ಹೋಗುತ್ತಿದೆ. ಆಕೆ ಇಂದಿಗೂ ಅದೇ ಚೆಕ್ಕಿಂಗ್ ಟೇಬಲ್ಲಿನಲ್ಲಿದ್ದಾಳೆ.

ವಿರೋಧ: ಕಡ್ಡಾಯವೆಂಬ ಮಾತಿಗೆ ನನ್ನ ತಕರಾರು

ವಿರೋಧ ಪಕ್ಷ ವಹಿಸಿ ಬರೆಯಿರಿ ಎಂದು ಕೇಳಿದ್ದಾರೆ, ಬರೆಯುತ್ತೇನೆ. ತರಬೇತಿಯೇ ಬೇಡವೆಂದು ನಾನು ಹೇಳಲಾರೆ. ನಾನೂ ಕೆಲವಕ್ಕೆ ಹೋಗಿದ್ದೇನೆ, ಒಂದೆರಡರಿಂದ ಪ್ರಯೋಜನವೂ ಆಗಿದೆ. ನನ್ನ ತಕರಾರು ಇರುವುದು ಅದನ್ನು ಕಡ್ಡಾಯ ಮಾಡುವುದಕ್ಕೆ.

ಕಡ್ಡಾಯವಾದದ್ದು ಬೇಗ ಕಾಗದವಾಗುತ್ತದೆ. ವರ್ಷಕ್ಕೆ ಇಷ್ಟು ಗಂಟೆ ಎಂದು ನಿಯಮ ಬಂದ ಮರುತಿಂಗಳೇ ಅಷ್ಟು ಗಂಟೆಗಳನ್ನು ಮಾರುವವರು ಹುಟ್ಟಿಕೊಳ್ಳುತ್ತಾರೆ. ಬೆಳಿಗ್ಗೆ ಸಹಿ, ಮಧ್ಯಾಹ್ನ ಊಟ, ಸಂಜೆ ಪ್ರಮಾಣಪತ್ರ. ನಾನು ಹೋದ ತರಬೇತಿಗಳಲ್ಲಿ ಅರ್ಧಕ್ಕರ್ಧ ಇಂಥವೇ. ಅಲ್ಲಿನ ಉದಾಹರಣೆಗಳೆಲ್ಲ ಸಾಫ್ಟ್‌ವೇರ್ ಕಂಪನಿಯವು. ಅಸ್ಸಾಮಿನಿಂದ ಬಂದು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಇಳಿದಿರುವ, ಕನ್ನಡದ ಒಂದು ಪದವೂ ಬಾರದ ಕುಟುಂಬಕ್ಕೆ ಸಂಬಳದ ಲೆಕ್ಕವನ್ನು ಯಾವ ಮಾತಿನಲ್ಲಿ ಹೇಳಬೇಕೆಂದು ಯಾರೂ ಅಲ್ಲಿ ಕಲಿಸಲಿಲ್ಲ.

ಕಾನೂನು ಬದಲಾಗುತ್ತದೆ ಎಂಬುದು ನಿಜ. ಬದಲಾದಾಗ ಸುತ್ತೋಲೆ ಬರುತ್ತದೆ, ಬೆಳೆಗಾರರ ಸಂಘದವರು ತಿಳಿಸುತ್ತಾರೆ, ಕಾರ್ಮಿಕ ಸಂಘದವರು ಬಿಡುವುದೇ ಇಲ್ಲ. ಕಾಯ್ದೆಯ ಕಲಮುಗಳನ್ನು ಬಾಯಿಪಾಠ ಒಪ್ಪಿಸುವವರಿಂದ ತೋಟ ನಡೆಯುವುದಾಗಿದ್ದರೆ ವಕೀಲರನ್ನೇ ಇಟ್ಟುಕೊಳ್ಳಬಹುದಿತ್ತು.

ನಾನು ಕೆಲಸ ಕಲಿತದ್ದು ಹೇಗೆಂದು ಹೇಳಿದರೆ ನನ್ನ ಮಾತು ಅರ್ಥವಾಗಬಹುದು. 1951ರ ತೋಟ ಕಾರ್ಮಿಕರ ಕಾಯ್ದೆಯಂತೆ 300 ಕಾರ್ಮಿಕರಿರುವ ತೋಟಕ್ಕೆ ಕಲ್ಯಾಣಾಧಿಕಾರಿ ಇರಬೇಕಾಗಿತ್ತು, ಹಾಗೆ ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ನನಗೆ ಕೆಲಸ ಸಿಕ್ಕಿತು. ಆಗಷ್ಟೇ ಸ್ನಾತಕೋತ್ತರ ಪದವಿ ಮುಗಿಸಿದ್ದೆ. ಕುಂದುಕೊರತೆ ಪರಿಹಾರದ ಹಂತಗಳು ಐದೋ ಆರೋ, ಅವುಗಳ ಚಿತ್ರವನ್ನೂ ಬರೆಯಬಲ್ಲವನಾಗಿದ್ದೆ. ಡಿಸೆಂಬರ್ ಕೊನೆ, ರೊಬಸ್ಟಾ ಇನ್ನೂ ಪೂರ್ತಿ ಹಣ್ಣಾಗಿರಲಿಲ್ಲ, ಅರೇಬಿಕಾ ಕೊಯ್ಲು ಜೋರಾಗಿತ್ತು. ಒಂದು ಸಂಜೆ ಹಣ್ಣು ತೂಗುವ ಕಣದಲ್ಲಿ ಹೆಂಗಸರೆಲ್ಲ ಚೀಲ ಇಳಿಸಿ ಕುಳಿತುಬಿಟ್ಟರು. ಕಿಲೋ ಲೆಕ್ಕದ ಕೂಲಿ, ತೂಕದಲ್ಲಿ ಮೋಸವಾಗುತ್ತಿದೆ ಎಂಬುದು ಅವರ ಮಾತು. ಲಿಖಿತ ದೂರು ಕೊಡಿ, ಮೂರು ದಿನದಲ್ಲಿ ಸಭೆ ಕರೆಯುತ್ತೇನೆ ಎಂದು ನಾನು ಕಲಿತದ್ದನ್ನು ಹೇಳಿದೆ. ಯಾರೂ ಏಳಲಿಲ್ಲ. ಮಂಜು ಇಳಿಯುತ್ತಿತ್ತು, ಕೊಯ್ದ ಹಣ್ಣು ಅಂದೇ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹೋಗಬೇಕಾಗಿತ್ತು.

ತೋಟದ ಲೆಕ್ಕ ಬರೆಯುವ ರೈಟರು ವಯಸ್ಸಾದವರು. ನನ್ನ ಪಕ್ಕ ಬಂದು ಮೆಲ್ಲಗೆ, "ಸಾರ್, ಕಾಗದ ಆಮೇಲೆ ಬರೆಸಿ, ಮೊದಲು ತಕ್ಕಡಿ ಹತ್ರ ಬನ್ನಿ" ಎಂದರು. ಗಟ್ಟಿಯಾಗಿ ಕೂಗುತ್ತಿದ್ದ ಹೆಂಗಸನ್ನೇ ಕರೆದು ತಕ್ಕಡಿಯ ಮುಳ್ಳು ನೋಡಲು ನಿಲ್ಲಿಸಿದರು. ಇಪ್ಪತ್ತು ಕಿಲೋದ ಕಲ್ಲು ತೂಗಿದರು, ಮುಳ್ಳು ಸರಿಯಾಗಿ ಇಪ್ಪತ್ತಕ್ಕೆ ನಿಂತಿತು. ಆಮೇಲೆ ಒಂದು ಖಾಲಿ ಚೀಲ ತೂಗಿದರು. ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟು. ನಾವು ಮಾತ್ರ ಪ್ರತಿ ಚೀಲಕ್ಕೆ ಒಂದು ಕಿಲೋ ಕಳೆಯುತ್ತಿದ್ದೆವು. ಆ ಕಿಲೋ ಹಿಂದಿನ ಸೆಣಬಿನ ಗೋಣಿಯ ಲೆಕ್ಕ. ಗೋಣಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ಎರಡು ಕೊಯ್ಲು ಕಳೆದಿದ್ದರೂ ಚೆಕ್‌ರೋಲಿನಲ್ಲಿ (ಹಾಜರಿ, ಕೂಲಿ ಬರೆಯುವ ಪುಸ್ತಕದಲ್ಲಿ) ಕಳೆಯುವ ಲೆಕ್ಕ ಹಾಗೆಯೇ ಉಳಿದಿತ್ತು. ಬೇಕೆಂದು ಯಾರೂ ಮಾಡಿದ ಮೋಸವಲ್ಲ. ರೈಟರು ಎಲ್ಲರಿಗೂ ಕೇಳುವಂತೆ ತಪ್ಪು ಒಪ್ಪಿಕೊಂಡರು. ಮ್ಯಾನೇಜರರನ್ನು ನಾನು ಹೋಗಿ ಒಪ್ಪಿಸಿದೆ, ಆ ವಾರದ ಬಟವಾಡೆಯಲ್ಲಿ ಆ ಕೊಯ್ಲಿನ ಬಾಕಿ ಸೇರಿಸಿ ಕೊಟ್ಟೆವು. ಹೆಂಗಸರು ಅಂದೇ ಎದ್ದು ಹಣ್ಣು ಸುರಿದರು. ಆ ರಾತ್ರಿ ಪಲ್ಪರ್ ನಿಂತಾಗ ಹನ್ನೊಂದು ಗಂಟೆ ದಾಟಿತ್ತು.

ಅಲ್ಲಿಂದ ಮುಂದೆ ನಿವೃತ್ತನಾಗುವವರೆಗೂ ಕೊಯ್ಲಿನ ಕಾಲದಲ್ಲಿ ಸಂಜೆ ನಾನು ಕಚೇರಿಯಲ್ಲಿ ಕುಳಿತವನಲ್ಲ, ತಕ್ಕಡಿಯ ಬಳಿ ನಿಲ್ಲುತ್ತಿದ್ದೆ. ಇದನ್ನು ಯಾವ ತರಬೇತಿಯೂ ನನಗೆ ಹೇಳಿರಲಿಲ್ಲ.

ಸಣ್ಣ ತೋಟಗಳ ಸ್ಥಿತಿಯನ್ನೂ ನೋಡಬೇಕು. ಅಲ್ಲಿ ಹಾಜರಿ ಬರೆಯುವ, ಕೂಲಿ ಕೊಡುವ, ಜ್ವರ ಬಂದವರನ್ನು ಆಸ್ಪತ್ರೆಗೆ ಕರೆದೊಯ್ಯುವ ರೈಟರೇ ಎಚ್‌ಆರ್. ನವೆಂಬರಿನಿಂದ ಫೆಬ್ರವರಿವರೆಗೆ ಅವರನ್ನು ಮೂರು ದಿನ ಹೊರಗೆ ಕಳಿಸಿದರೆ ಆ ಮೂರು ದಿನದ ಚೆಕ್‌ರೋಲ್ ಬರೆಯುವವರಿಲ್ಲ. ದೊಡ್ಡ ಕಾರ್ಖಾನೆಯವರಿಗೆ ಸುಲಭವಾದ ನಿಯಮ ಇವರಿಗೆ ದಂಡವಾಗುತ್ತದೆ.

ಮಾಡಲೇಬೇಕೆಂದಾದರೆ ಕೊಯ್ಲು ಮುಗಿದ ಮೇಲೆ, ಮಾರ್ಚಿನಲ್ಲಿ, ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಮಾಡಲಿ. ಪಾಠ ಹೇಳಲು ಬರುವವರು ಹಿಂದಿನ ದಿನ ಒಂದು ತೋಟದ ಮಸ್ಟರಿಗೆ, ಅಂದರೆ ಹಾಜರಿ ಕರೆಯುವಲ್ಲಿಗೆ, ಬೆಳಿಗ್ಗೆಯೇ ಬಂದು ನಿಲ್ಲಲಿ. ರೈಟರುಗಳನ್ನೂ ಕರೆಯಲಿ. ಹಾಗಾದರೆ ನಾನೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.