ಹೊಗೆ ಕಪ್ಪಾಗಿಸಿದವನಿಗೆ ಮನೆಯ ದಾರಿ, ಬ್ಲಾಟ್ ತಿದ್ದಿದವರಿಗೆ "ತಿದ್ದುಪಡಿ"

"ಇದರಿಂದ ಲೇಖನದ ತೀರ್ಮಾನಗಳ ಮೇಲೆ ಯಾವ ಪರಿಣಾಮವೂ ಆಗುವುದಿಲ್ಲ."

ಇವತ್ತು ಬೆಳಗ್ಗೆ ಒಂದು ವೈದ್ಯಕೀಯ ಜರ್ನಲ್ಲಿನ ತಿದ್ದುಪಡಿ ಟಿಪ್ಪಣಿಯಲ್ಲಿ ಈ ಸಾಲು ಓದಿದಾಗಿನಿಂದ ತಲೆ ಕೆಟ್ಟು ಕೂತಿದ್ದೇನೆ. ಜರ್ನಲ್ಲಿನ ಹೆಸರು ಬೇಡ ಬಿಡಿ, ಈ ಸಾಲು ಅಂಥ ಎಲ್ಲರಿಗೂ ಬಾಯಿಪಾಠ. ಬ್ಲಾಟ್ ಅಂದರೆ ಪ್ರೋಟೀನು ಎಷ್ಟಿದೆ ಅಂತ ಕಪ್ಪು ಪಟ್ಟಿಗಳಾಗಿ ತೋರಿಸುವ ಲ್ಯಾಬ್ ಚಿತ್ರ. ಅಂಥ ಒಂದೇ ಪಟ್ಟಿಯ ಚಿತ್ರವನ್ನು ತಿರುವಿ, ಸ್ವಲ್ಪ ಹಿಗ್ಗಿಸಿ, ಎರಡು ಬೇರೆ ಬೇರೆ ಪ್ರಯೋಗಗಳ ಫಲಿತಾಂಶ ಅಂತ ಹಾಕಿದ್ದರು. ಯಾರೋ ಹೊರಗಿನವರು ಹಿಡಿದು ತೋರಿಸಿದರು. ವರ್ಷಗಟ್ಟಲೆ ಸದ್ದಿಲ್ಲ. ಈಗ ನೋಡಿದರೆ ಅದು "ಫಿಗರ್ ಜೋಡಿಸುವಾಗ ಅಚಾತುರ್ಯದಿಂದ" ಆದದ್ದಂತೆ. ಹಳೇ ಚಿತ್ರ ಕಿತ್ತು ಹೊಸದು ಅಂಟಿಸಿದ್ದಾರೆ. ಸಾಕ್ಷಿ ಬದಲಾಯಿತು, ತೀರ್ಪು ಮಾತ್ರ ಅದೇ. ಎಂಥ ಗಟ್ಟಿ ತೀರ್ಪು ನೋಡಿ, ಸಾಕ್ಷಿಯ ಹಂಗೇ ಬೇಡ ಅದಕ್ಕೆ!

ನನ್ನನ್ನು ಬಲ್ಲವರಿಗೆ ನನ್ನ ಈ ಸಿಟ್ಟು ಹೊಸದಲ್ಲ. ಲ್ಯಾಬಿನಲ್ಲಿ ಜೆಲ್ ಓಡಿಸಿಕೊಂಡಿದ್ದು ಆಮೇಲೆ ಪತ್ರಿಕೆಯ ಫೋಟೋ ಡೆಸ್ಕಿಗೆ ಬಂದು ಕೂತ ಜೀವ ಇದು. (ಲ್ಯಾಬ್ ಬಿಟ್ಟದ್ದು ಏನೋ ತತ್ತ್ವಕ್ಕಾಗಿ ಅಂತ ನಿಮ್ಮಲ್ಲಿ ಕೆಲವರು ನಂಬಿದ್ದೀರಿ. ಇಲ್ಲ ಮಾರಾಯ್ರೆ. ಬೇಜಾರು ಬಂದು ಬಿಟ್ಟೆ. ನಂಬಿದವರನ್ನು ತಿದ್ದಲು ಹೋಗಲಿಲ್ಲ, ಅಷ್ಟೇ.) ಡೆಸ್ಕಿನಲ್ಲಿ ಮೊದಲು ಹೇಳಿಕೊಟ್ಟದ್ದು ಇಷ್ಟು: ಕ್ರಾಪ್ ಮಾಡಬಹುದು, ಬೆಳಕನ್ನು ತುಸು ಹೆಚ್ಚುಕಮ್ಮಿ ಮಾಡಬಹುದು, ಲೆನ್ಸಿನ ಧೂಳಿನ ಚುಕ್ಕೆ ತೆಗೆಯಬಹುದು. ಅದರಾಚೆಗೆ ಒಂದು ಹುಲ್ಲುಕಡ್ಡಿಯನ್ನೂ ಜರುಗಿಸುವಂತಿಲ್ಲ. ಜರುಗಿಸಿದರೆ ಕೆಲಸ ಇಲ್ಲ.

ಇದು ಬರೀ ಬೆದರಿಕೆಯೂ ಅಲ್ಲ. 2003ರಲ್ಲಿ ಲಾಸ್ ಏಂಜಲಿಸ್ ಟೈಮ್ಸಿನ ಬ್ರಯನ್ ವಾಲ್ಸ್ಕಿ ಇರಾಕಿನ ಬಸ್ರಾದಲ್ಲಿ ತೆಗೆದ ಎರಡು ಚಿತ್ರಗಳನ್ನು ಬೆಸೆದು ಒಂದು ಮಾಡಿದರು. ಸೈನಿಕ ಒಂದರಿಂದ, ಮಗು ಹೊತ್ತ ಮನುಷ್ಯ ಇನ್ನೊಂದರಿಂದ. ಹಿನ್ನೆಲೆಯಲ್ಲಿ ಕೂತಿದ್ದ ಕೆಲವರು ಎರಡೆರಡು ಸಲ ಕಾಣಿಸಿಕೊಂಡುಬಿಟ್ಟರು. ಮುಖಪುಟದಲ್ಲಿ ಬಂದು ಒಂದೆರಡು ದಿನದಲ್ಲೇ, ಆತ ಇನ್ನೂ ಯುದ್ಧಭೂಮಿಯಲ್ಲಿ ಇರುವಾಗಲೇ, ಕೆಲಸ ಹೋಯಿತು. 2006ರಲ್ಲಿ ರಾಯಿಟರ್ಸಿಗೆ ಚಿತ್ರ ಕೊಡುತ್ತಿದ್ದ ಅದ್ನಾನ್ ಹಜ್ ಬೈರೂತಿನ ಬಾಂಬ್ ದಾಳಿಯ ಹೊಗೆಯನ್ನು ಕ್ಲೋನ್ ಟೂಲ್ (ಚಿತ್ರದ ಒಂದು ತುಣುಕನ್ನು ನಕಲಿಸಿ ಇನ್ನೊಂದೆಡೆ ಅಂಟಿಸುವ ಸಾಧನ) ಬಳಸಿ ಇನ್ನಷ್ಟು ದಟ್ಟ ಮಾಡಿದರು. ಹೊಗೆ ನಿಜವಾಗಿಯೂ ಇತ್ತು, ಬಾಂಬೂ ಬಿದ್ದಿತ್ತು. ರಾಯಿಟರ್ಸ್ ಸಂಬಂಧ ಕಡಿದುಕೊಂಡಿತು, ಆತನ 920 ಚಿತ್ರಗಳನ್ನು ಒಟ್ಟಿಗೆ ಹಿಂತೆಗೆದುಕೊಂಡಿತು.

ನನಗೆ ಹೆಚ್ಚು ಕಾಡೋದು ನಾರ್ಸಿಸೊ ಕಾಂಟ್ರೆರಾಸ್ ಕತೆ. ಸಿರಿಯಾ ಯುದ್ಧದ ಚಿತ್ರಗಳಿಗಾಗಿ 2013ರಲ್ಲಿ ಪುಲಿಟ್ಜರ್ ಪಡೆದ ಎಪಿ ಸುದ್ದಿಸಂಸ್ಥೆಯ ತಂಡದಲ್ಲಿದ್ದವರು. ಒಂದು ಚಿತ್ರದ ಮೂಲೆಯಲ್ಲಿ ಸಹೋದ್ಯೋಗಿಯೊಬ್ಬರ ವಿಡಿಯೊ ಕ್ಯಾಮೆರಾ ಬಿದ್ದಿತ್ತು, ನೋಡುಗರ ಕಣ್ಣು ಅತ್ತ ಹೋದೀತು ಅಂತ ಅದನ್ನು ಅಳಿಸಿದರು. ಆಮೇಲೆ ತಾವಾಗಿಯೇ ಸಂಪಾದಕರಿಗೆ ತಿಳಿಸಿದರು. ಎಪಿ ಅವರ ಉಳಿದ ಸುಮಾರು 500 ಚಿತ್ರಗಳನ್ನು ಜಾಲಾಡಿತು, ಬೇರೆ ಒಂದರಲ್ಲೂ ಕೈಚಳಕ ಸಿಗಲಿಲ್ಲ. ಆದರೂ 2014ರ ಜನವರಿಯಲ್ಲಿ ಅವರನ್ನು ಕೈಬಿಟ್ಟಿತು. ಕ್ರೂರ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಈಗ ಬೆಳಗಿನ ಆ ಸಾಲನ್ನು ಇವರ ಬಾಯಲ್ಲಿ ಇಟ್ಟು ನೋಡಿ. ಕ್ಯಾಮೆರಾ ಅಳಿಸಿದ್ದರಿಂದ ಸಿರಿಯಾ ಯುದ್ಧದ ಬಗೆಗಿನ ತೀರ್ಮಾನಗಳ ಮೇಲೆ ಯಾವ ಪರಿಣಾಮವೂ ಆಗುವುದಿಲ್ಲ. ಇವರ ವಿಷಯದಲ್ಲಿ ಅದು ಅಕ್ಷರಶಃ ನಿಜ! ಆದರೂ ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಹಾಗಾದರೆ ವಿಜ್ಞಾನದಲ್ಲಿ ನಿಯಮವೇ ಇಲ್ಲವೇ? ಇದೆ ಸ್ವಾಮಿ, ಚೆನ್ನಾಗಿಯೇ ಇದೆ. ಜರ್ನಲ್ ಆಫ್ ಸೆಲ್ ಬಯಾಲಜಿಯಲ್ಲಿ ಮೈಕ್ ರಾಸ್ನರ್ ಅನ್ನುವವರು 2002ರಲ್ಲೇ ಒಪ್ಪಿಗೆಯಾದ ಲೇಖನಗಳ ಚಿತ್ರಗಳನ್ನು ಅಚ್ಚಿಗೆ ಮುಂಚೆ ಪರೀಕ್ಷಿಸುವ ಪದ್ಧತಿ ತಂದರು. ಚಿತ್ರದ ಯಾವ ಒಂದು ಭಾಗವನ್ನೂ ಎತ್ತಿ ತೋರಿಸುವಂತಿಲ್ಲ, ಮರೆಮಾಚುವಂತಿಲ್ಲ, ಜರುಗಿಸುವಂತಿಲ್ಲ, ತೆಗೆಯುವಂತಿಲ್ಲ, ಸೇರಿಸುವಂತಿಲ್ಲ. ಡೆಸ್ಕಿನಲ್ಲಿ ನನಗೆ ಹೇಳಿಕೊಟ್ಟದ್ದೂ ಇದೇ ತಾನೆ? ನಿಯಮ ಒಂದೇ. ಮುರಿದ ಮೇಲೆ ಏನಾಗುತ್ತದೆ ಅನ್ನೋದರಲ್ಲಿ ಮಾತ್ರ ಭೂಮಿ ಆಕಾಶದ ಅಂತರ.

ಎಲಿಸಬೆತ್ ಬಿಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ 1995ರಿಂದ 2014ರವರೆಗೆ 40 ಜರ್ನಲ್‌ಗಳಲ್ಲಿ ಬಂದ 20,621 ಲೇಖನಗಳ ಚಿತ್ರಗಳನ್ನು ಬರಿಗಣ್ಣಿನಿಂದ ನೋಡಿದರು. ಹೌದು, ಒಂದೊಂದಾಗಿ, ಕಣ್ಣಿಂದ. 2016ರಲ್ಲಿ ಅದರ ಫಲಿತಾಂಶ ಬಂತು: ನೂರಕ್ಕೆ 3.8 ಲೇಖನಗಳಲ್ಲಿ ಸಮಸ್ಯೆಯ ಚಿತ್ರಗಳು, ಅವುಗಳಲ್ಲಿ ಕನಿಷ್ಠ ಅರ್ಧದಷ್ಟು ಬೇಕೆಂದೇ ಮಾಡಿದವು ಅನ್ನಿಸುವಂಥವು. ಇಂಥ ಹೆಂಗಸಿಗೆ ಸನ್ಮಾನ ಆಗಬೇಕಿತ್ತು. ಆದದ್ದೇನು? ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಮದ್ದು ಅಂತ ಜಗತ್ತಿಗೆಲ್ಲ ಹೇಳಿದ ಫ್ರಾನ್ಸಿನ ದಿದಿಯೇ ರಾವುಲ್ ಅವರ ಲೇಖನಗಳನ್ನು ಪ್ರಶ್ನಿಸಿದ್ದಕ್ಕೆ 2021ರಲ್ಲಿ ಆಕೆಯ ಮೇಲೇ ಅಲ್ಲಿನ ಸರ್ಕಾರಿ ಪ್ರಾಸಿಕ್ಯೂಟರ್‌ಗೆ ದೂರು. ರಾವುಲ್ ತಂಡದ 2020ರ ಆ ಲೇಖನವನ್ನು ಜರ್ನಲ್ ಹಿಂತೆಗೆದುಕೊಂಡದ್ದು 2024ರ ಡಿಸೆಂಬರಿನಲ್ಲಿ. ಸಾಂಕ್ರಾಮಿಕವೇ ಮುಗಿದಿತ್ತು ಅಷ್ಟೊತ್ತಿಗೆ.

"ಚಿತ್ರ ಬರೀ ನಿದರ್ಶನ ಕಣಯ್ಯಾ, ವಿಜ್ಞಾನ ಇರೋದು ಅಂಕಿಗಳಲ್ಲಿ" ಅಂತ ಒಬ್ಬ ಹಳೇ ಗೆಳೆಯ ಹೇಳಿದ. ಲ್ಯಾಬಿನಲ್ಲೇ ಇರೋನು, ಅದಕ್ಕೇ ಇನ್ನಷ್ಟು ಉರಿಯಿತು. ವೆಸ್ಟರ್ನ್ ಬ್ಲಾಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪ್ರೋಟೀನುಗಳನ್ನು ಜೆಲ್ಲಿನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ತೆಳುವಾದ ಹಾಳೆಯ ಮೇಲೆ ಇಳಿಸಿ, ಬೇಕಾದ ಪ್ರೋಟೀನನ್ನು ಮಾತ್ರ ಹಿಡಿಯುವ ಆಂಟಿಬಾಡಿ ಹಾಕುತ್ತಾರೆ. ಪ್ರೋಟೀನು ಇದ್ದಲ್ಲಿ ಕಪ್ಪು ಪಟ್ಟಿ ಮೂಡುತ್ತದೆ. ಜಾಸ್ತಿ ಇದ್ದರೆ ಗಾಢ, ಕಮ್ಮಿ ಇದ್ದರೆ ತಿಳಿ. ಆ ಗಾಢತೆಯನ್ನು ಅಳೆದೇ ಗ್ರಾಫಿನ ಅಂಕಿ ಬರುವುದು. ಅಂದಮೇಲೆ ಪಟ್ಟಿಯನ್ನು ಕಪ್ಪಾಗಿಸಿದವರು ಅಂಕಿಯನ್ನೇ ಬದಲಾಯಿಸಿದ ಹಾಗಾಯಿತು. ಬೈರೂತಿನ ಹೊಗೆ ಗಾಢವಾದರೆ ಯಾವ ರೋಗಿಗೂ ಹೊಸ ಮಾತ್ರೆ ಬರುವುದಿಲ್ಲ. ಇಲ್ಲಿ ಬರುತ್ತದೆ.

ಒಂದು ಮಾತು ಹೇಳಿಬಿಡುತ್ತೇನೆ, ನಗಬೇಡಿ. ಇಷ್ಟೆಲ್ಲ ಕೂಗಾಡುವ ನನಗೆ ಆ ಕಣ್ಣಿಲ್ಲ. 2006ರಲ್ಲಿ ನೇಚರ್‌ನಲ್ಲಿ ಬಂದ ಪ್ರಸಿದ್ಧ ಅಲ್ಝೈಮರ್ಸ್ ಲೇಖನದ ಬ್ಲಾಟುಗಳನ್ನು ದೊಡ್ಡ ಪರದೆಯ ಮೇಲೆ ಹಾಕಿಕೊಂಡು ಕೂತೆ, ಏನೂ ಕಾಣಲಿಲ್ಲ. ಬೇರೆಯವರು ಗುರುತು ಹಾಕಿ ತೋರಿಸಿದ ಮೇಲಷ್ಟೇ ಕಂಡಿತು, ಕಂಡ ಮೇಲೆ ಕಾಣದೇ ಇರಲು ಸಾಧ್ಯವಾಗಲಿಲ್ಲ. ಇಲಿಗಳಲ್ಲಿ ಮರೆವಿಗೆ ಒಂದು ನಿರ್ದಿಷ್ಟ ಅಮಿಲಾಯ್ಡ್ ಪ್ರೋಟೀನೇ ಕಾರಣ ಅಂತ ಹೇಳಿದ್ದ ಲೇಖನ ಅದು. ಎರಡು ಸಾವಿರಕ್ಕೂ ಹೆಚ್ಚು ಸಲ ಉಲ್ಲೇಖಗೊಂಡಿತ್ತು. ಅದರ ಚಿತ್ರಗಳ ಮೇಲಿನ ಅನುಮಾನಗಳನ್ನು ನರವಿಜ್ಞಾನಿ ಮ್ಯಾಥ್ಯೂ ಶ್ರಾಗ್ ಹೆಕ್ಕಿದರು, 2022ರ ಜುಲೈನಲ್ಲಿ ಸೈನ್ಸ್ ಪತ್ರಿಕೆ ತನಿಖಾ ವರದಿ ಮಾಡಿತು. ಲೇಖನ ಹಿಂತೆಗೆತ ಆದದ್ದು 2024ರ ಜೂನಿನಲ್ಲಿ. ಹದಿನೆಂಟು ವರ್ಷ! ವಾಲ್ಸ್ಕಿಗೆ ಒಂದೆರಡು ದಿನ. ಇದೊಂದೇ ಲೇಖನದಿಂದ ಇಡೀ ಅಮಿಲಾಯ್ಡ್ ಸಿದ್ಧಾಂತ (ಮಿದುಳಿನಲ್ಲಿ ಅಮಿಲಾಯ್ಡ್ ಸೇರಿಕೊಳ್ಳುವುದೇ ಅಲ್ಝೈಮರ್ಸ್‌ಗೆ ಮೂಲ ಅನ್ನುವುದು) ಮುರಿದುಬಿತ್ತು ಅಂತ ಆಗ ಕೆಲವರು ಬರೆದರು. ಅದು ಉತ್ಪ್ರೇಕ್ಷೆ, ಆ ಸಿದ್ಧಾಂತಕ್ಕೆ ಬೇರೆ ಆಧಾರಗಳೂ ಇವೆ, ಬೇರೆ ತಕರಾರುಗಳೂ ಇವೆ. ಆದರೆ ಈ ಲೇಖನ ನಂಬಿ ಅದೇ ಪ್ರೋಟೀನು ಹುಡುಕಿ ಸಿಗದೆ, ತಪ್ಪು ತಮ್ಮದೇ ಇರಬೇಕು ಅಂದುಕೊಂಡು ಕೂತ ಪಿಎಚ್‌ಡಿ ಹುಡುಗ ಹುಡುಗಿಯರ ಲೆಕ್ಕ ಇಡುವವರು ಯಾರು?

ಇನ್ನು ಆ ಇಲಿ. 2024ರ ಫೆಬ್ರವರಿಯಲ್ಲಿ ಫ್ರಂಟಿಯರ್ಸ್‌ನ ಒಂದು ಜರ್ನಲ್ಲಿನಲ್ಲಿ ಎಐ ಬರೆದ ಇಲಿಯ ಚಿತ್ರ ಬಂತಲ್ಲ, ನೆನಪಿದೆಯೇ? ದೇಹಕ್ಕಿಂತ ದೊಡ್ಡ ಜನನಾಂಗ, ಸುತ್ತ ಯಾವ ಭಾಷೆಯಲ್ಲೂ ಇಲ್ಲದ ಪದಗಳು. ಇಡೀ ಲೋಕ ಬಿದ್ದುಬಿದ್ದು ನಕ್ಕಿತು, ಕೆಲವೇ ದಿನಗಳಲ್ಲಿ ಲೇಖನ ಎತ್ತಂಗಡಿ. ವ್ಯವಸ್ಥೆ ಎಷ್ಟು ಚುರುಕು ಅಂತ ಆಗ ಹೊಗಳಿದವರೂ ಇದ್ದರು. ಬೆಟ್ಟ ಅಗೆದು ಇಲಿ ಹಿಡಿದರು, ಅಷ್ಟೇ. ಆ ಇಲಿಯಿಂದ ಯಾರಿಗೂ ಅಪಾಯ ಇರಲಿಲ್ಲ, ಅದನ್ನು ನಂಬುವವರೇ ಇರಲಿಲ್ಲ. ಅಪಾಯ ಇರೋದು ಸಭ್ಯವಾಗಿ ಕಾಣುವ, ಯಾರಿಗೂ ನಗು ಬರಿಸದ, ಬೂದು ಬಣ್ಣದ ಆ ಪಟ್ಟಿಗಳಲ್ಲಿ.

ಸರಿ, ಜರ್ನಲ್‌ಗಳು ಸೋಮಾರಿಗಳು, ಕೊನೆಗೆ ಔಷಧ ನಿಯಂತ್ರಕರು ಇದ್ದಾರಲ್ಲ ಅಂತೀರಾ? ಕೇಳಿ. ಅಮೆರಿಕದ ಕಸಾವಾ ಸೈನ್ಸಸ್ ಕಂಪನಿ ಸಿಮುಫಿಲಾಮ್ ಅನ್ನೋ ಅಲ್ಝೈಮರ್ಸ್ ಮಾತ್ರೆ ಪರೀಕ್ಷಿಸುತ್ತಿತ್ತು. ಅದರ ಹಿಂದಿನ ಸಂಶೋಧನೆಯ ಬ್ಲಾಟುಗಳು ತಿದ್ದಿದಂತಿವೆ, ಪ್ರಯೋಗ ನಿಲ್ಲಿಸಿ ಅಂತ 2021ರ ಆಗಸ್ಟಿನಲ್ಲಿ ಅಲ್ಲಿನ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎಗೆ ಅರ್ಜಿ ಹೋಯಿತು. 2022ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕೃತ. ಆರೋಪ ಸುಳ್ಳು ಅಂತಲ್ಲ, ತನಿಖೆ ಮಾಡಿ ಅಂತ ಕೇಳಲು ಈ ನಮೂನೆಯ ಅರ್ಜಿ ಸರಿಯಾದ ದಾರಿಯಲ್ಲ ಅಂತ! ಕೌಂಟರ್ ತಪ್ಪಿ ಬಂದಿದ್ದೀರಿ, ಆ ಕಡೆ ಹೋಗಿ. ಪ್ರಯೋಗ ಮುಂದುವರಿಯಿತು, ಎರಡು ಅಂತಿಮ ಹಂತದ ಪ್ರಯೋಗಗಳಲ್ಲಿ ಸುಮಾರು 1,900 ರೋಗಿಗಳು. ಅತ್ತ ಆ ಸಂಶೋಧಕರು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದ ಸಮಿತಿ ವಿಚಾರಣೆ ಮಾಡಿತು, ಮೂಲ ದತ್ತಾಂಶವೇ ಕೈಗೆ ಸಿಗದ್ದರಿಂದ ಚಿತ್ರ ತಿದ್ದಿದ್ದಾರೋ ಇಲ್ಲವೋ ಖಚಿತವಾಗಿ ಹೇಳಲಾಗದು ಅಂದಿತು. 2024ರ ನವೆಂಬರಿನಲ್ಲಿ ಮೊದಲ ಪ್ರಯೋಗ ವಿಫಲ, 2025ರಲ್ಲಿ ಎರಡನೆಯದೂ. ಈ ನಡುವೆ ಹೂಡಿಕೆದಾರರನ್ನು ದಾರಿ ತಪ್ಪಿಸಿದ ಆರೋಪದ ಮೇಲೆ ಶೇರು ಮಾರುಕಟ್ಟೆಯ ನಿಯಂತ್ರಕರು ಕಂಪನಿಯಿಂದ 4 ಕೋಟಿ ಡಾಲರ್ ಕಟ್ಟಿಸಿಕೊಂಡರು, ಕಂಪನಿ ಆರೋಪ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ದುಡ್ಡು ಹಾಕಿದವರ ದೂರಿಗೆ ಕೌಂಟರ್ ಸಿಕ್ಕಿತು. ಮೈ ಕೊಟ್ಟವರ ದೂರಿಗೆ?

ಅರ್ಜಿ ಹಾಕಿದವರು ಆ ಕಂಪನಿಯ ಶೇರು ಬೀಳುತ್ತದೆ ಅಂತ ಬಾಜಿ ಕಟ್ಟಿದ್ದವರು, ಅವರ ಮಾತು ಏನು ನಂಬೋದು, ಅಂತ ಒಂದು ವಾದ ಇದೆ. ನಿಜ, ಕಟ್ಟಿದ್ದರು. ಮೂಲ ಫಿಲ್ಮುಗಳನ್ನು ಮೇಜಿನ ಮೇಲೆ ಹರಡಿದ್ದರೆ ಅವರ ಬಾಜಿ ಅವತ್ತೇ ಮುಳುಗಿಹೋಗುತ್ತಿತ್ತಲ್ಲವೇ?

ನನ್ನ ತಕರಾರೆಲ್ಲ ಬಂದು ನಿಲ್ಲೋದು ಇಲ್ಲೇ. ಮೂಲ ಎಲ್ಲಿ? ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯ ಸುತ್ತುಗಳಿಗೆ ಬಂದವರು ಕ್ಯಾಮೆರಾದಿಂದ ಇಳಿದ ಮೂಲ ಫೈಲು ಕೊಡಬೇಕು. ಕೊಡದಿದ್ದರೆ ಹೊರಗೆ. 2015ರಲ್ಲಿ ಹೀಗೆ ತಾಳೆ ನೋಡಿದಾಗ ಕೊನೆಯ ಸುತ್ತಿಗೆ ಹಿಂದಿನ ಸುತ್ತಿನಲ್ಲಿದ್ದ ಚಿತ್ರಗಳಲ್ಲಿ ಸುಮಾರು ಐದನೇ ಒಂದು ಪಾಲು ಅನರ್ಹವಾದವು. ಒಂದು ಬಹುಮಾನಕ್ಕೆ ಇಷ್ಟು ಕಟ್ಟುನಿಟ್ಟು. ಔಷಧಕ್ಕೆ ಬುನಾದಿಯಾಗುವ ಲೇಖನದಲ್ಲಿ ಮೂಲ ಇಲ್ಲ ಅಂದರೆ ಅನುಮಾನದ ಲಾಭ ಲೇಖಕರಿಗೆ! ಹಾರ್ಡ್ ಡಿಸ್ಕ್ ಕೆಟ್ಟಿತು, ಹುಡುಗ ಲ್ಯಾಬ್ ಬಿಟ್ಟು ಹೋದ, ಕಟ್ಟಡ ಬದಲಾಯಿಸುವಾಗ ಕಳೆಯಿತು. ಶಾಲೆಯಲ್ಲಿ ಹೋಂವರ್ಕ್ ತರದ ಮಕ್ಕಳು ಇದಕ್ಕಿಂತ ಚೆನ್ನಾಗಿ ಕತೆ ಕಟ್ಟುತ್ತಾರೆ. ನೂರಾರು ಫೈಲುಗಳ ನಡುವೆ ಪ್ರಾಮಾಣಿಕ ಗೊಂದಲ ಆಗುತ್ತದೆ ಅಂತ ನನಗೂ ಗೊತ್ತು. ಆದರೆ ಗೊಂದಲದಲ್ಲಿ ಫೈಲು ಅದಲುಬದಲಾಗುತ್ತದೆಯೇ ಹೊರತು ಚಿತ್ರ ತಾನಾಗಿಯೇ 180 ಡಿಗ್ರಿ ತಿರುಗಿ, ಹಿಗ್ಗಿ, ಕಾಂಟ್ರಾಸ್ಟ್ ಏರಿಸಿಕೊಂಡು ಕೂರುವುದಿಲ್ಲ.

ಫೋಟೋದವರೇನು ಸಾಚಾನಾ ಅಂತ ಕೇಳುವವರಿದ್ದೀರಿ, ಗೊತ್ತು. ಅಲ್ಲ. ಯೂಜೀನ್ ಸ್ಮಿತ್‌ನಂಥ ದೊಡ್ಡ ಹೆಸರೇ 1954ರಲ್ಲಿ ಲೈಫ್ ಪತ್ರಿಕೆಗಾಗಿ ಡಾಕ್ಟರ್ ಶ್ವೈಟ್ಜರ್ ಚಿತ್ರ ಮಾಡುವಾಗ ಬೇರೆ ನೆಗೆಟಿವ್‌ನಿಂದ ಒಂದು ಕೈ, ಒಂದು ಗರಗಸದ ಹಿಡಿ ತಂದು ಕೂರಿಸಿದ್ದ. ನ್ಯಾಷನಲ್ ಜಿಯಾಗ್ರಫಿಕ್ 1982ರಲ್ಲಿ ಮುಖಪುಟದ ಅಳತೆಗೆ ಹೊಂದಲಿ ಅಂತ ಪಿರಮಿಡ್ಡುಗಳನ್ನೇ ಹತ್ತಿರ ತಂದಿತ್ತು. ಇವೆಲ್ಲ ಆಗಿ, ಮಾನ ಹೋಗಿ, ಆಮೇಲೆ ಬಂದದ್ದೇ ಈ ಬಿಗಿ. ಮಾನ ಹೋದ ಮೇಲೆ ಏನು ಮಾಡಿದರು ಅನ್ನೋದಷ್ಟೇ ನನಗೆ ಮುಖ್ಯ.

ಕೊನೆಗೊಂದು ಬುದ್ಧಿಮಾತು ಬರುತ್ತದೆ, ಸಾಮಾನ್ಯವಾಗಿ ಡಾಕ್ಟರ್ ಮಿತ್ರರಿಂದ: "ಹೀಗೆಲ್ಲ ಬರೆದರೆ ಜನ ಲಸಿಕೆ ನಂಬೋದೂ ಬಿಡ್ತಾರೆ." ಲಸಿಕೆಯ ಉದಾಹರಣೆಯನ್ನೇ ತಗೊಳ್ಳೋಣ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ ಆಂಡ್ರ್ಯೂ ವೇಕ್‌ಫೀಲ್ಡ್ ಲೇಖನ ಲ್ಯಾನ್ಸೆಟ್‌ನಲ್ಲಿ ಬಂದದ್ದು 1998ರಲ್ಲಿ, ಬರೀ 12 ಮಕ್ಕಳ ಮೇಲೆ. ಅದರ ಹುಳುಕು ಅಗೆದದ್ದು ಬ್ರಯನ್ ಡೀರ್ ಎಂಬ ಪತ್ರಕರ್ತ. 2004ರಲ್ಲಿ ಸಹಲೇಖಕರಲ್ಲಿ ಹತ್ತು ಮಂದಿ ಆ ವ್ಯಾಖ್ಯಾನದಿಂದ ಕೈತೊಳೆದುಕೊಂಡರು. ಆಗಲೂ ಲೇಖನ ಅಲ್ಲೇ ಇತ್ತು. ಪೂರ್ತಿ ಹಿಂತೆಗೆದದ್ದು 2010ರ ಫೆಬ್ರವರಿಯಲ್ಲಿ, ಬ್ರಿಟನ್ನಿನ ವೈದ್ಯಕೀಯ ಮಂಡಳಿ ವೇಕ್‌ಫೀಲ್ಡ್ ವಿರುದ್ಧ ತೀರ್ಪು ಕೊಟ್ಟ ಮೇಲೆ. ಆ ಹನ್ನೆರಡು ವರ್ಷ ಲಸಿಕೆ ಮೇಲಿನ ನಂಬಿಕೆ ಕೆಡಿಸಿದ್ದು ಪ್ರಶ್ನೆ ಕೇಳಿದ ಪತ್ರಕರ್ತನೋ, ಲೇಖನವನ್ನು ಬಿಡದೆ ಕಪಾಟಿನಲ್ಲಿ ಇಟ್ಟುಕೊಂಡು ಕೂತ ಜರ್ನಲ್ಲೋ? ಡಾಕ್ಟರ್ ಮಿತ್ರರು ಇದಕ್ಕೆ ಉತ್ತರ ಕೊಟ್ಟ ಮೇಲೆ ನನ್ನ ಬಾಯಿ ಮುಚ್ಚಿಸಲು ಬರಲಿ.