"ನನ್ನ ಮೇಲೆ ನಂಬಿಕೆ ಇಲ್ವಾ?" ಅನ್ನೋ ಆ ಒಂದು ಪ್ರಶ್ನೆ

ಲೈಂಗಿಕ ಸಂಪರ್ಕದಿಂದ ಹರಡೋ ಸೋಂಕುಗಳಿಗೆ ನಾವು ಇಟ್ಟಿರೋ ಹೆಸರೇ ಗುಪ್ತರೋಗ. ಹೆಸರಲ್ಲೇ ಮುಚ್ಚಿಡು ಅಂತ ಹೇಳ್ಬಿಟ್ಟಿದೀವಿ, ಇನ್ನು ಜನ ಧೈರ್ಯವಾಗಿ ಹೋಗಿ ಟೆಸ್ಟ್ ಮಾಡಿಸ್ಲಿ ಅಂದ್ರೆ ಹೇಗೆ ಮಾಡಿಸ್ತಾರೆ? ಅವುಗಳಲ್ಲಿ ಒಂದಾದ ಸಿಫಿಲಿಸ್‌ನ ಕಥೆನೂ ಅಷ್ಟೇ, ನಮ್ಮೋರು ಪರಂಗಿ ರೋಗ, ಅಂದ್ರೆ ಯುರೋಪಿನೋರ ರೋಗ ಅಂದ್ರು, ಇಟಲಿಯೋರು ಫ್ರೆಂಚರ ರೋಗ ಅಂದ್ರು, ಫ್ರೆಂಚರು ಇಟಲಿಯ ನೇಪಲ್ಸ್ ಊರಿನ ರೋಗ ಅಂದ್ರು. ಎಲ್ರಿಗೂ ಅದು ಬೇರೆಯೋರದ್ದೇ.

ನಾನೂ ಹಾಗೇ ಅಂದ್ಕೊಂಡಿದ್ದೆ. ಹೊಸ ಸಂಬಂಧ ಶುರುವಾಗೋ ಟೈಮಲ್ಲಿ "ಇಬ್ರೂ ಒಂದ್ಸಲ ಟೆಸ್ಟ್ ಮಾಡಿಸೋಣ್ವಾ" ಅಂತ ಸಂಗಾತಿ ಕೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು "ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ. ಆಮೇಲೆ ಒಪ್ಕೊಂಡು ಹೋದೆ. ಚೀಟಿನ ನಾಲ್ಕು ಮಡಿಕೆ ಮಡಚಿ ಕೈಯಲ್ಲಿ ಹಿಡ್ಕೊಂಡು ಕ್ಯೂನಲ್ಲಿ ನಿಂತಿದ್ದೆ, ಕೌಂಟರ್‌ನೋರು "ಯಾವ ಟೆಸ್ಟು?" ಅಂತ ಜೋರಾಗಿ ಕೇಳಿದ್ರು, ಹಿಂದೆ ನಿಂತಿದ್ದೋರೆಲ್ಲ ನನ್ನ ಬೆನ್ನೇ ನೋಡ್ತಿದಾರೆ ಅನ್ನಿಸ್ತು. ಒಳಗಡೆ ನರ್ಸ್ ಮಾತ್ರ ತುಂಬಾ ಸಹಜವಾಗಿ ಮಾತಾಡಿಸಿದ್ರು. ಒಂದು ಗಂಟೆಯಿಂದ ಮೂತ್ರಕ್ಕೆ ಹೋಗಿಲ್ಲ ತಾನೆ, ಮೊದಲು ಬರೋದನ್ನೇ ಹಿಡೀಬೇಕು, ಮಧ್ಯದ್ದಲ್ಲ ಅಂದ್ರು. ಆಮೇಲೆ ರಕ್ತ ತಗೊಂಡ್ರು. ಅಷ್ಟೇ.

ನನಗೆ ಕ್ಲಮಿಡಿಯಾ ಅನ್ನೋ ಬ್ಯಾಕ್ಟೀರಿಯಾ ಸೋಂಕು ಇತ್ತು. ಉರಿ ಇಲ್ಲ, ನೋವಿಲ್ಲ, ಏನೂ ಇಲ್ಲ, ಆದ್ರೂ ಇತ್ತು. ಯಾವಾಗಿಂದ ಅಂತ ಡಾಕ್ಟ್ರಿಗೂ ಹೇಳಕ್ಕಾಗಲ್ಲ, ಯಾಕಂದ್ರೆ ಅದು ತಿಂಗಳುಗಟ್ಲೆ ಸದ್ದಿಲ್ದೆ ಇರತ್ತೆ. ಚಿಕಿತ್ಸೆ ಮಾಡಿಸ್ದೆ ಬಿಟ್ರೆ ಹೆಣ್ಮಕ್ಕಳಿಗೆ ಗರ್ಭನಾಳ ಹಾಳಾಗಿ ಮಕ್ಕಳಾಗೋದೇ ಕಷ್ಟ ಆಗ್ಬಹುದು. ಸಿಫಿಲಿಸ್‌ನ ಮೊದಲ ಹುಣ್ಣಂತೂ ನೋಯೋದೂ ಇಲ್ಲ, ತಾನಾಗೇ ಮಾಯತ್ತೆ, ವಾಸಿಯಾಯ್ತು ಅಂದ್ಕೊಂಡಿರ್ತೀವಿ, ಸೋಂಕು ಒಳಗೇ ಕೂತಿರತ್ತೆ. ಹಾಗಾಗಿ "ನನಗೇನೂ ಆಗಿಲ್ಲ" ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ. ವರ್ಷಕ್ಕೊಂದ್ಸಲ ಫುಲ್ ಬಾಡಿ ಚೆಕಪ್ ಮಾಡಿಸ್ತೀನಿ ಅನ್ನೋರೂ ನೋಡ್ಕೊಳ್ಳಿ, ಕೇಳದೇ ಇದ್ರೆ ಸಾಮಾನ್ಯವಾಗಿ ಇವೆಲ್ಲ ಅದ್ರಲ್ಲಿ ಇರಲ್ಲ.

ಇನ್ನೊಂದು, ಅಸುರಕ್ಷಿತ ಸಂಪರ್ಕ ಆಗಿ ಭಯ ಆಯ್ತು ಅಂತ ಮಾರನೇ ದಿನವೇ ಓಡಿಹೋಗಿ ಟೆಸ್ಟ್ ಮಾಡಿಸಿ ನೆಗೆಟಿವ್ ಬಂತು ಅಂತ ಸುಮ್ಮನಾಗ್ಬೇಡಿ. ಎಚ್‌ಐವಿಗೆ ಲ್ಯಾಬಲ್ಲಿ ಮಾಡೋ, ವೈರಸ್‌ನ ಅಂಶ ಮತ್ತೆ ಅದ್ರ ವಿರುದ್ಧ ದೇಹ ಮಾಡೋ ಪ್ರತಿಕಾಯ ಎರಡನ್ನೂ ಹುಡುಕೋ ಆಂಟಿಜನ್-ಆಂಟಿಬಾಡಿ ಟೆಸ್ಟಲ್ಲೂ ಸೋಂಕು ಕಾಣಿಸ್ಕೊಳ್ಳಕ್ಕೆ 18ರಿಂದ 45 ದಿನ ಬೇಕು. ಆದ್ರೆ ಡಾಕ್ಟ್ರ ಹತ್ರ ಹೋಗೋದನ್ನ ಮಾತ್ರ ಮುಂದೂಡ್ಬೇಡಿ, ಎಚ್‌ಐವಿ ತಡೆಯೋ ಪೆಪ್ ಮಾತ್ರೆ ಸಂಪರ್ಕ ಆದ 72 ಗಂಟೆಯೊಳಗೆ ಶುರು ಮಾಡಿದ್ರೆನೇ ಉಪಯೋಗ.

ನನ್ನ ಕ್ಲಮಿಡಿಯಾ 7 ದಿನದ ಮಾತ್ರೆಲಿ ಮುಗೀತು. ಕಷ್ಟ ಆಗಿದ್ದು ಹಳೇ ಸಂಗಾತಿಗೆ ಫೋನ್ ಮಾಡೋದು. ಮೂರು ದಿನ ನಂಬರ್ ತೆಗೆದು ತೆಗೆದು ಇಟ್ಟೆ. ಕೊನೆಗೆ ಹೇಳ್ದೆ. ಬೈಗುಳ ಬರತ್ತೆ ಅಂದ್ಕೊಂಡಿದ್ದೆ, ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ, ಆಮೇಲೆ "ಹೇಳಿದ್ದು ಒಳ್ಳೇದಾಯ್ತು, ನಾಳೆನೇ ಹೋಗ್ತೀನಿ" ಅಂತ ಬಂತು. ಆ ಒಂದು ಮಾತಿಗೆ ನಾನು ಅತ್ತುಬಿಟ್ಟೆ.

ದಯವಿಟ್ಟು ಟೆಸ್ಟ್ ಮಾಡಿಸೋಣ ಅಂತ ಯಾರಾದ್ರೂ ಕೇಳಿದ್ರೆ ನನ್ನ ಥರ ಸಿಟ್ಟಾಗ್ಬೇಡಿ. ಅವರು ನಿಮ್ಮ ನಡತೆ ಕೇಳ್ತಿಲ್ಲ, ಇಬ್ಬರ ಮೈಯಲ್ಲಿ ಏನಿದೆ ಅಂತ ಕೇಳ್ತಿದಾರೆ.

3 ತಿಂಗಳಾದ್ಮೇಲೆ ಮತ್ತೆ ಟೆಸ್ಟ್ ಮಾಡಿಸಿ ಅಂತ ಡಾಕ್ಟ್ರು ಅಂದಿದ್ರು. ಆ ಸಲ ಇಬ್ರೂ ಜೊತೆಗೇ ಹೋದ್ವಿ, ಚೀಟಿ ಮಡಚಲಿಲ್ಲ.