ಆರುನೂರು ರೂಪಾಯಿ ಉಳಿಸಿದ್ದು

ನಮ್ಮೂರ ಹಾಲಿನ ಡೇರಿ ಸೆಕ್ರೆಟರಿ ಎರಡು ಸಲ ಕೇಳಿದ್ದರು. "ಯಶಸ್ವಿನಿಗೆ ಹೆಸರು ಬರೆಸ್ತೀಯೇನಪ್ಪಾ? ಕೊನೆ ದಿನ ಹತ್ರ ಬಂತು." ಶುಂಠಿ ರೇಟು ನೆಲ ಕಚ್ಚಿದ್ದ ಸಮಯ ಅದು. "ಮುಂದಿನ ಸಲ ನೋಡೋಣ ಬಿಡಣ್ಣ" ಅಂದೆ. ಯಶಸ್ವಿನಿ ಅಂದರೆ ಸಹಕಾರ ಸಂಘದ ಸದಸ್ಯರಿಗೆ ಸರ್ಕಾರ ನಡೆಸುವ ಆರೋಗ್ಯ ಯೋಜನೆ. ಹಳ್ಳಿಯ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಅದರ ಮೇಲೆ ತಲೆಗೆ 100. ನಮ್ಮ ಮನೆಯಲ್ಲಿ ಐದು ಜನ. 600 ರೂಪಾಯಿ ಉಳಿಸಿದೆ.

ಐದು ತಿಂಗಳಿಗೆ ಅಮ್ಮನ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು. ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಮೊದಲು ಕೇಳಿದ್ದೇ, "ಯಶಸ್ವಿನಿ ಇದೆಯಾ ಸಾರ್?" ಇಲ್ಲ ಅಂದೆ. "ಬಿಪಿಎಲ್ ಕಾರ್ಡು?" ಅದೂ ಇಲ್ಲ. ಬಿಲ್ಲು 84 ಸಾವಿರ ಆಯ್ತು. ಹಸು ಒಂದನ್ನು ಮಾರಿದೆ. ಉಳಿದಿದ್ದಕ್ಕೆ ಹೆಂಡತಿಯ ಸರ ಸೊಸೈಟಿಗೆ ಹೋಯಿತು.

ಬಿಪಿಎಲ್ ಯಾಕಿಲ್ಲ ಅಂದರೆ ನಮ್ಮ ಮನೆ ಮುಂದೆ ಒಂದು ಓಮ್ನಿ ನಿಂತಿದೆ. ಶುಂಠಿ ಮೂಟೆ ಹೊರೋಕೆ ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಬಿಳಿ ಬೋರ್ಡು, ನಾಲ್ಕು ಚಕ್ರ. ಅಲ್ಲಿಗೆ ನಾವು ಶ್ರೀಮಂತರು! ವರ್ಷದ ಆದಾಯ 1.20 ಲಕ್ಷ ದಾಟಿದರೂ ಬಿಪಿಎಲ್ ಇಲ್ಲ. ಅಂದರೆ ತಿಂಗಳಿಗೆ 10 ಸಾವಿರ. ಅಷ್ಟರಲ್ಲಿ ಬದುಕುವವರಿಗೆ ಆಸ್ಪತ್ರೆ ಬಿಲ್ಲು ಕಟ್ಟುವ ಶಕ್ತಿ ಇದೆ ಅಂತ ಯಾರಿಗೆ ಅನ್ನಿಸಿತೋ ಗೊತ್ತಿಲ್ಲ.

"ಎಪಿಎಲ್‌ನವರಿಗೂ ಆಯುಷ್ಮಾನ್ ಇದೆಯಲ್ಲ" ಅಂತ ಸುಮಾರು ಜನ ಹೇಳುತ್ತಾರೆ. ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಅಂತ ಕೇಂದ್ರ, ರಾಜ್ಯ ಸೇರಿ ನಡೆಸುವ ಆಸ್ಪತ್ರೆ ಖರ್ಚಿನ ಯೋಜನೆ, 2018ರಿಂದಲೂ ಇದೆ. ಲೆಕ್ಕ ಮಾತ್ರ ಬೇರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಸರ್ಕಾರದ್ದೇ. ಎಪಿಎಲ್‌ಗೆ ಪ್ಯಾಕೇಜ್ ದರದ 30 ಭಾಗ ಸರ್ಕಾರದ್ದು, 70 ಭಾಗ ನಮ್ಮದು. ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಸುಮ್ನೆ ಗುಣಿಸಿ ನೋಡಿ. ಆ 1.5 ಲಕ್ಷ ಪೂರ್ತಿ ನಿಮಗೆ ಸಿಗಬೇಕಾದರೆ 5 ಲಕ್ಷದ ಚಿಕಿತ್ಸೆ ಆಗಬೇಕು. ನಿಮ್ಮ ಕೈಯಿಂದ 3.5 ಲಕ್ಷ ಹೋಗಿರಬೇಕು. ಇನ್ನೊಂದು ವಿಷಯ. 30 ಭಾಗ ಅನ್ನೋದು ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರಕ್ಕೆ. ಆಸ್ಪತ್ರೆಯವರು ಸಾಮಾನ್ಯವಾಗಿ ಹಾಕುವ ಬಿಲ್ಲಿಗಲ್ಲ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಯಾದರೆ ಅವರು ರೆಫರಲ್ ಬರೆದುಕೊಡುತ್ತಾರೆ. ಅದಿಲ್ಲದೆ ನಾನು ಮಾಡಿದ ಹಾಗೆ ನೇರವಾಗಿ ಖಾಸಗಿಗೆ ಹೋದರೆ ಆ 30 ಕೂಡ ಇಲ್ಲ. ಇದು ನನ್ನದೇ ತಪ್ಪು, ಯಾರನ್ನೂ ದೂರಲ್ಲ.

ಹಾಗಂತ ಬಿಪಿಎಲ್ ಇದ್ದವರಿಗೆ ಎಲ್ಲ ಪುಕ್ಕಟೆನಾ? ನಮ್ಮ ಚಿಕ್ಕಪ್ಪನಿಗೆ ಎದೆನೋವು ಬಂದು ಮೈಸೂರಿನಲ್ಲಿ ಸ್ಟೆಂಟ್ ಹಾಕಿದರು. ಬಿಲ್ಲು ಸೊನ್ನೆ. ಇದು ಸಣ್ಣ ಮಾತಲ್ಲ. ಆ ಕಾರ್ಡು ಇಲ್ಲದಿದ್ದರೆ ಅವರ ಅರ್ಧ ಎಕರೆ ತೋಟ ಹೋಗುತ್ತಿತ್ತು. ಆದರೆ ಚಿಕ್ಕಮ್ಮ ಬಲು ಲೆಕ್ಕಾಚಾರದವರು. ಡೇರಿ ಪಾಸ್‌ಬುಕ್ಕಿನ ಹಿಂದೆ ಎಲ್ಲ ಬರೆದಿಟ್ಟಿದ್ದರು. ಸ್ಟೆಂಟ್ ಹಾಕುವುದಕ್ಕೂ ಮೊದಲು ಅಲ್ಲಿ ಇಲ್ಲಿ ಮಾಡಿಸಿದ ಪರೀಕ್ಷೆಗಳಿಗೆ 4,200. ಕಾರಿಗೆ 9,000. ಜೊತೆಗಿದ್ದ ಇಬ್ಬರ ಊಟ, ರೂಮಿಗೆ 5,400. ಆರು ದಿನ ಹಸು ನೋಡಿಕೊಳ್ಳಲು ಇಟ್ಟ ಆಳಿಗೆ 3,000. ಒಟ್ಟು 21,600. ಆಮೇಲೆ ಮಾತ್ರೆ ಶುರು. ತಿಂಗಳಿಗೆ 1,900, ಜೀವನಪೂರ್ತಿ. ಕೇಂದ್ರದ ಆಯುಷ್ಮಾನ್ ನಿಯಮದಲ್ಲಿ ಆಸ್ಪತ್ರೆ ಸೇರುವ ಮುಂಚಿನ 3 ದಿನ, ಬಿಟ್ಟ ಮೇಲಿನ 15 ದಿನದ ಪರೀಕ್ಷೆ, ಔಷಧಿ ಸೇರುತ್ತದೆ. 16ನೇ ದಿನದಿಂದ ಮಾತ್ರೆ ನಿಮ್ಮದೇ. (ಡಾಕ್ಟರನ್ನು ಕೇಳಿ ಜನೌಷಧಿ ಅಂಗಡಿಗೆ ಹೋದ ಮೇಲೆ ಅವರ ಖರ್ಚು ಅರ್ಧಕ್ಕಿಂತ ಕಡಿಮೆಯಾಗಿದೆ. ಯಾರಾದರೂ ಮೊದಲೇ ಹೇಳಬಾರದಿತ್ತಾ?)

2025ರ ಜೂನ್, ಜುಲೈ ನೆನಪಿದೆ ಅಲ್ವಾ? ಟೀವಿ ಹಾಕಿದರೆ ಹಾಸನದ ಹೃದಯಾಘಾತದ ಸಾವುಗಳದ್ದೇ ಸುದ್ದಿ. ನಮ್ಮೂರಿಂದಲೂ ಗಾಡಿ ಮಾಡಿಕೊಂಡು ಇಸಿಜಿ, ಎಕೋ ಮಾಡಿಸಲು ಹೋದರು. ಖಾಸಗಿಯಲ್ಲಿ ಮಾಡಿಸಿದವರೆಲ್ಲ ಕೈಯಿಂದಲೇ ಕೊಟ್ಟರು, ಬಿಪಿಎಲ್‌ನವರೂ ಕೂಡ. ಯಾಕಂದರೆ ಕಾರ್ಡು ಇರೋದು ಅಡ್ಮಿಟ್ ಆಗುವವರಿಗೆ. ಭಯಕ್ಕೆ ತೋರಿಸಿಕೊಂಡು ಬರುವವರಿಗಲ್ಲ.

ಅಮ್ಮನ ಆಪರೇಷನ್ ಆದ ಮೇಲೆ ಬುದ್ಧಿ ಬಂದು ಕಂಪನಿ ಪಾಲಿಸಿಗಳನ್ನೂ ವಿಚಾರಿಸಿದೆ. ನಮ್ಮ ನಾಲ್ವರಿಗೆ 5 ಲಕ್ಷದ್ದಕ್ಕೆ ವರ್ಷಕ್ಕೆ 21 ಸಾವಿರ ಅಂದರು. ಅಮ್ಮನಿಗೆ ಬೇರೆ ಮಾಡಿಸಬೇಕು, ಅದು 34 ಸಾವಿರ. 2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗಳಿಗೆ 18 ಪರ್ಸೆಂಟ್ ಜಿಎಸ್‌ಟಿ ತೆಗೆದಿದ್ದಾರೆ, ಆ ಮೇಲೂ ಇಷ್ಟು. ಅಮ್ಮನಿಗೆ ಈಗಾಗಲೇ ಇರುವ ಬಿಪಿ, ಶುಗರ್‌ಗೆ ಸಂಬಂಧಪಟ್ಟಿದ್ದಕ್ಕೆ 3 ವರ್ಷ ಕಾಯಬೇಕಂತೆ. ಏಜೆಂಟ್ ಹುಡುಗ ಒಳ್ಳೆಯವನೇ. ರೂಮ್ ಬಾಡಿಗೆಯ ಮಿತಿ ಕೇಳಿದಾಗ ಮಾತ್ರ ಕಾಫಿ ಕಡೆ ಮುಖ ಮಾಡಿದ. ಮಿತಿ ದಾಟಿದ ರೂಮು ತಗೊಂಡರೆ ಬಾಡಿಗೆಯಷ್ಟೇ ಅಲ್ಲ, ಡಾಕ್ಟರ್ ಫೀಸು, ಥಿಯೇಟರ್ ಚಾರ್ಜಿನಲ್ಲೂ ಅದೇ ಲೆಕ್ಕದಲ್ಲಿ ಕಡಿಯುವ ಪಾಲಿಸಿಗಳಿವೆ. ಸಹಿ ಹಾಕುವ ಮುಂಚೆ ಕೇಳಿಕೊಳ್ಳಿ.

ಈ 55 ಸಾವಿರದ ಪಕ್ಕ ಯಶಸ್ವಿನಿಯ 600 ಇಟ್ಟು ನೋಡಿದಾಗ ನನಗೇ ನಾಚಿಕೆ ಆಯ್ತು. 2003ರಲ್ಲಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ ಇತ್ತು. ಅಪ್ಪ ಇದ್ದಾಗ ತಪ್ಪದೆ ಕಟ್ಟುತ್ತಿದ್ದರು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದ ಜೊತೆ ಸೇರಿಸಿ ನಿಲ್ಲಿಸಿದರು. 2023ರ ಜನವರಿಯಿಂದ ಮತ್ತೆ ಬಂತು, ಈಗ ಕುಟುಂಬಕ್ಕೆ 5 ಲಕ್ಷದವರೆಗೆ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ, ಅದು ನಿಜ. ಆದರೂ ಓಮ್ನಿ ಇಟ್ಟುಕೊಂಡ ನಮ್ಮಂಥ ಎಡಬಿಡಂಗಿ ಎಪಿಎಲ್‌ಗಳಿಗೆ ಇದಕ್ಕಿಂತ ಅಗ್ಗದ್ದು ನನಗಂತೂ ಕಾಣಲಿಲ್ಲ. ನನ್ನ ತಕರಾರು ಒಂದೇ. ಹೆಸರು ಬರೆಸಲು ವರ್ಷಕ್ಕೊಮ್ಮೆ ಗಡುವು ಇಟ್ಟು, ಅದನ್ನು ಸಂಘದ ನೋಟಿಸ್ ಬೋರ್ಡಿಗೆ ಅಂಟಿಸಿ ಸುಮ್ಮನಾಗುತ್ತಾರೆ. ಹಾಲಿನ ಬಟವಾಡೆಯಲ್ಲೇ ಹಿಡಿದುಕೊಂಡರೆ ಆಗಲ್ವಾ? ಹಿಂಡಿ, ಫೀಡಿನ ದುಡ್ಡು ಹಿಡಿಯೋಕೆ ಬರುತ್ತೆ, ಇದಕ್ಕೆ ಬರಲ್ವಾ?

ಈ ಸಲ ಸೆಕ್ರೆಟರಿ ಕೇಳುವ ಮುಂಚೆಯೇ ಆಧಾರ್, ರೇಷನ್ ಕಾರ್ಡು, ಐದೂ ಜನರ ಫೋಟೋ ಹಿಡಿದು ನಿಂತಿದ್ದೆ. "ಏನಪ್ಪಾ, ಮುಂದಿನ ಸಲ ಅಂತಿದ್ಯಲ್ಲ" ಅಂತ ನಕ್ಕರು. ರಸೀದಿ ಅಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿಟ್ಟಿದ್ದಾರೆ.